ಕಾರಿನಲ್ಲೇ ಉಳಿದ ಅತ್ತೆ

ಜರ್ಮನಿಯ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಮೂರನೆಯ ಬಿಯರ್ ಮುಗಿಸಿದ ಗಂಡ, ಕಾರಿನ ಕೀಯನ್ನು ಅವಳತ್ತ ತಳ್ಳಿದ.

"ಕುಡಿದು ಓಡಿಸಿದ್ರೆ ಇಲ್ಲಿ ಲೈಸೆನ್ಸ್ ಕಿತ್ಕೋತಾರೆ. ನೀನೇ ಓಡಿಸು. ಬಿಲ್ ಕೊಟ್ಟು ಬರ್ತೀನಿ."

ಅವಳು ಕಾರಿನತ್ತ ಓಡಿದಳು. ಮುಂದಿನ ಊರಿನ ಪೊಲೀಸ್ ಠಾಣೆ ಸೇರಿಬಿಟ್ಟರೆ ಇವನ ಹೊಡೆತದಿಂದ ಪಾರು. ಆದರೆ ಮಾಂಸ ಬೇಯುವಲ್ಲಿಗೆ ಕಾಲಿಡದ ಅತ್ತೆ ಕಾರಿನಲ್ಲೇ ಕೂತು ಅವಲಕ್ಕಿ ತಿನ್ನುತ್ತಿದ್ದರು. ಮಗನ ವಿರುದ್ಧ ಎಂದೂ ಒಂದು ಮಾತೂ ಆಡದ ಅತ್ತೆ.

"ಅತ್ತೆ, ಇಳೀರಿ. ಅವ್ರು ಕರೀತಿದಾರೆ."

"ಯಾಕಂತೆ?"

"ಗೊತ್ತಿಲ್ಲ. ಬೇಗ ಹೋಗಿ, ನಿಮ್ಮ ದಮ್ಮಯ್ಯ."

ಅತ್ತೆ ಅವಳ ಊದಿದ ಕೆನ್ನೆ ನೋಡಿದರು. ಡಬ್ಬಿ ಮುಚ್ಚಿದರು.

"ನಿನ್ನ ಪಾಸ್‌ಪೋರ್ಟ್ ಅವನ ಜೇಬಿಂದ ಎತ್ತಿಟ್ಕೊಂಡಿದೀನಿ ಕಣೆ. ಅವನು ಬರೋದ್ರೊಳಗೆ ಗಾಡಿ ತೆಗಿ."