ಹಸಿ ಮಗ್ಗ

ಶಂಕ್ರವ್ವನ ಬಳಿ ನೆಲದ ಕುಣಿಯಲ್ಲಿ ಹೂಡಿದ ಕುಣಿಮಗ್ಗ ಬಿಟ್ಟರೆ ಉರಿಯುವಂಥದ್ದೇನೂ ಉಳಿದಿರಲಿಲ್ಲ. ಕಲ್ಲಿದ್ದಲು ಸಾಲದಾದ ಮೇಲೆ ವಿದ್ಯುತ್ ಸ್ಥಾವರ ಒಣ ಕಟ್ಟಿಗೆ ತಂದವರಿಗಷ್ಟೇ ಕರೆಂಟು ಕೊಡುತ್ತಿತ್ತು. ಬಾಗಿಲು, ಮಂಚ ಆಗಲೇ ಹೋಗಿದ್ದವು. ಇವತ್ತು ಕಟ್ಟಿಗೆ ಕೊಡದಿದ್ದರೆ ಗಂಡನ ಉಸಿರಿನ ಯಂತ್ರ ಸಂಜೆಗೆ ನಿಲ್ಲುತ್ತಿತ್ತು. ಮಗ್ಗವನ್ನು ಕಡಿದು ಹೊತ್ತೊಯ್ದಳು.

ಸ್ಥಾವರದ ಗೇಟಿನ ಸಂಗಪ್ಪ ತುಂಡಿಗೆ ತೇವ ಅಳೆಯುವ ಮೀಟರಿನ ಮುಳ್ಳು ಚುಚ್ಚಿ ನೋಡಿದ.

"ಹಸಿ ಐತಿ ಯವ್ವಾ. ನಡ್ಯಾಂಗಿಲ್ಲ."

"ನಮ್ಮತ್ತಿ ಕಾಲದ ಮಗ್ಗೋ ತಮ್ಮಾ! ಹಸಿ ಹೆಂಗಾಕ್ಕತಿ?"

"ಅತ್ತಿ ಕಾಲದಿಂದ ಕುಣ್ಯಾಗ ನಿಂತು ನೀರ ಕುಡದೈತಿ. ನಾಕ ದಿನ ಬಿಸಲಾಗ ಒಣಗಿಸಿ ತಾ."

"ನಾಕ ದಿನ ಅಂವಾ ಉಸರ ಹಿಡಕೊಂಡ ಕುಂದರತಾನೇನು?"

ಸಂಗಪ್ಪ ಸಾಲಿನಲ್ಲಿ ಹಿಂದಿದ್ದವರನ್ನು ಕರೆದ.

ಸಂಜೆ ಆರಕ್ಕೆ ಯಂತ್ರ ನಿಂತಿತು. ಹೋದದ್ದು ಒಂದು ಮಗ್ಗ, ಅರ್ಧ ನೇಯ್ದ ಒಂದು ಸೀರೆ, ಒಬ್ಬ ಗಂಡ.