ದೇವಿಯ ಸೀರೆಯ ಹರಾಜು

ದೇವಿಗೆ ಉಡಿಸಿದ ಸೀರೆಗೆ ಈ ಸಲ ಗೋಪಾಳದ ದೇವಸ್ಥಾನದ ಹರಾಜಿನಲ್ಲಿ ಅಂಗಡಿ ಬೆಲೆಯ ಮೂರು ಪಟ್ಟು ಕೊಟ್ಟೆ. ಸೀರೆಯನ್ನು ಅಮ್ಮನ ಕೈಗೇ ಕೊಡಬೇಕೆಂಬುದು ನನ್ನ ಷರತ್ತಾಗಿತ್ತು; ಹಾಗೇ ಕೊಟ್ಟರು. ಸೀರೆಯ ಮಡಿಕೆಯೊಳಗಿನ ಕರ್ಪೂರದ ವಾಸನೆಗೆ ಭದ್ರಾವತಿಯ ಆ ಮಧ್ಯಾಹ್ನ ನೆನಪಾಗಿ ಇವತ್ತಿಗೂ ಮೈ ಉರಿಯುತ್ತದೆ.

ಅಪ್ಪ ತೀರಿಕೊಂಡ ಮರುವರ್ಷ ಅದು. ಅಕ್ಕನ ಮದುವೆಗೆಂದು ಅಮ್ಮ ಅಲ್ಲಿನ ದೇವಿಯ ಸೀರೆಯನ್ನು ಹರಾಜು ಕೂಗಿ ಗೆದ್ದಿದ್ದಳು. ದುಡ್ಡು ಜೇಬಿಗಿಳಿಸಿದ ದೇವಸ್ಥಾನ ಕಮಿಟಿಯ ಯಜಮಾನರು ಸೀರೆಯನ್ನು ಹಿಂದಕ್ಕೆಳೆದುಕೊಂಡರು.

"ನಿನ್ನ ಕೈಗೆ ಹೆಂಗಮ್ಮ ಕೊಡೋದು? ಯಾರಾದ್ರೂ ಮುತ್ತೈದೇನ ಕಳ್ಸು."

"ದುಡ್ಡು ಯಾರ ಕೈಯಿಂದ ತಗೊಂಡ್ರಿ?" ಎಂದಳು ಅಮ್ಮ.

"ಅದು ದೇವ್ರಿಗೆ ಹೋಗೋ ದುಡ್ಡು ಕಣಮ್ಮ," ಎಂದು ಅವರು ನಕ್ಕರು.

ಪಕ್ಕದ ಕ್ವಾರ್ಟರ್ಸಿನ ಸೆಲ್ವಿ ಅತ್ತೆ ಅಮ್ಮನ ಬದಲು ಸೀರೆ ಇಸಿದುಕೊಂಡು ಮುಂದೆ ನಡೆದರು. ಅಮ್ಮ ಬರಿಗೈಯಲ್ಲಿ ಹಿಂದೆ ಬಂದಳು.

ನನ್ನ ಮಾತು ಕೇಳಿ. ದೇವರ ಎದುರಾದರೂ ಸರಿ, ಮೊದಲು ಸೀರೆ ನಿಮ್ಮ ಕೈಗೆ ಬರಲಿ, ಆಮೇಲೆ ದುಡ್ಡು ಬಿಚ್ಚಿ.