ಹಾರುವ ಸರದಿ

ವಿಮಾನ ಬಿದ್ದು ಪೈಲಟ್ ಶ್ರೀಕಂಠ ತೀರಿಕೊಂಡು ವರ್ಷವಾಗಿತ್ತು. ಒಮ್ಮೆ ಹಾರಬೇಕೆಂದು ಅವನ ಹೆಂಡತಿ ಕೇಳಿದಾಗ, ಅವನ ಜೊತೆ ಕೆಲಸ ಮಾಡುತ್ತಿದ್ದ ಪೈಲಟ್ ದಿವಾಕರ ಅವಳನ್ನು ಎರಡು ಸೀಟಿನ ಪುಟ್ಟ ವಿಮಾನದಲ್ಲಿ ಮೇಲಕ್ಕೆ ಕರೆದೊಯ್ದ. ಗಾಳಿ ಎತ್ತಿ ಕುಕ್ಕಿದಾಗಲೆಲ್ಲ ಅವಳು ಜೋಕಾಲಿಯಲ್ಲಿ ಕೂತ ಮಗುವಿನಂತೆ ಕೂಗಿ ನಕ್ಕಳು.

“ಇಷ್ಟು ಚೆಂದಾನಾ! ಅದಕ್ಕೇ ಅವರಿಗೆ ಇದರ ಹುಚ್ಚು.”

ಆ ನಗುವಿನ ಮುಂದೆ ದಿವಾಕರನಿಂದ ಗುಟ್ಟು ಮುಚ್ಚಿಡಲಾಗಲಿಲ್ಲ.

“ಅತ್ತಿಗೆ, ಅವತ್ತು ಹಾರಬೇಕಿದ್ದವನು ನಾನು. ಮ್ಯಾಚ್ ನೋಡೋ ಆಸೆಗೆ, ಜ್ವರ ಅಂತ ಸುಳ್ಳು ಹೇಳಿ ಅವನನ್ನ ಕಳಿಸಿದೆ. ಕ್ಷಮಿಸಿ.”

ಅವಳು ಕೆಳಗಿನ ಕೆರೆಯ ಕಡೆ ಮುಖ ತಿರುಗಿಸಿದಳು.

“ಅವತ್ತು ಜ್ವರ ಇದ್ದದ್ದು ಅವರಿಗೆ. ‘ಪಾಪ, ದಿವಾಕರಂಗೆ ಹುಷಾರಿಲ್ವಂತೆ, ನೀವೇ ಹೋಗಿ ಬನ್ನಿ’ ಅಂತ ಮಾತ್ರೆ ಕೊಟ್ಟು ಕಳಿಸಿದ್ದು ನಾನು.”